ಬತ್ತಿದ ಒಂಬತ್ತು ವಾರ

ಸಂಜೆ ಹಾಲು ಅಳೆದು, ಕ್ಯಾನು ಲಾರಿಗೇರಿಸಿ,
ಸಂಘದ ಕಟ್ಟೆಗೆ ನೀರು ಹೊಯ್ದ ಮೇಲೆ
ಉಳಿಯುವ ಒಂದು ಗಂಟೆ ನನ್ನದು.
ಬಾಗೂರು ರಸ್ತೆಯ ದೀಪ ಹತ್ತುವ ಮೊದಲು
ಕಂಪ್ಯೂಟರು ತೆರೆದು ಕೂತಿದ್ದೆ.

ನಾವು ಐವರು ಸೇರಿ ಬರೆದ ತಂತ್ರಾಂಶ:
ಲೀಟರು, ಫ್ಯಾಟು, ಡಿಗ್ರಿ, ಬಟವಾಡೆ.
ಯಾವ ಸಂಘ ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಲಿ,
ಒಳಗನ್ನು ಬಿಚ್ಚಿ ನೋಡಲಿ, ತಿದ್ದಲಿ,
ತಿದ್ದಿದ್ದನ್ನು ನಮಗೂ ಕೊಡಲಿ ಎಂದು
ಬಾಗಿಲಿಲ್ಲದೆ ಬಿಟ್ಟದ್ದು.
ಐವರಲ್ಲಿ ಇಬ್ಬರ ಮುಖ ನಾನಿನ್ನೂ ಕಂಡಿಲ್ಲ.

ಅದರ ಜಾಲತಾಣಕ್ಕೆ ಒಂದು ಚಿತ್ರ ಬೇಕೆಂದರು,
ಕೆಲಸ ನಡೆದಿದೆ ಎಂದು ಬಂದವರಿಗೆ ಕಾಣುವಂತೆ.
ಬರೆದೆ: ವಾರಕ್ಕೊಂದು ಕಂಬ, ಏಳು ದಿನಕ್ಕೆ ಏಳು ಚೌಕ,
ಒಂದು ತಿದ್ದುಪಡಿಗೆ ಎಳೆ ಹಸಿರು,
ಐದಾರಾದರೆ ಹಸಿ ಸೆಪ್ಪೆಯ ಹಸಿರು,
ಹತ್ತು ದಾಟಿದರೆ ಕೆರೆಯ ಪಾಚಿ.
ಏನೂ ಇಲ್ಲದ ದಿನಕ್ಕೆ ಬೂದಿ.

ವರ್ಷ ಪೂರಾ ಹರಡಿಕೊಂಡಿತು ಪರದೆಯ ಮೇಲೆ.
ಜೂನಿನಲ್ಲಿ ಗಿಜಿಗಿಜಿ: ಅರಸೀಕೆರೆಯ ರಿಹಾನಾ
ತೂಕದ ಯಂತ್ರದ ಮಾತನ್ನು ಕಂಪ್ಯೂಟರಿಗೆ ಕಲಿಸಿದ ತಿಂಗಳು.
ಆಗಸ್ಟಿನ ಒಂದು ದಟ್ಟ ಪಾಚಿ ನೋಡಿ ನಗು ಬಂತು.
ಜಿನದತ್ತ ಒಂದೇ ಕೆಲಸವನ್ನು ಹನ್ನೆರಡು ಚೂರು ಮಾಡಿ
ಹನ್ನೆರಡು ಸಲ ಒಪ್ಪಿಸಿದ ದಿನ ಅದು.
ಅದಕ್ಕೆ ಅದ್ದುವ ಲ್ಯಾಕ್ಟೋಮೀಟರನ್ನು ಯಾರೂ ಮಾಡಿಲ್ಲ.
ಇರಲಿ. ನಮ್ಮೂರಲ್ಲೂ ನೀರು ಬೆರೆಸುವವರು
ಕೆಟ್ಟವರೇನಲ್ಲ, ಹಬ್ಬ ಹತ್ತಿರ ಬಂದಿರುತ್ತದೆ, ಅಷ್ಟೆ.

ಆಮೇಲೆ ನವೆಂಬರು. ಆಮೇಲೆ ಡಿಸೆಂಬರು.
ಬೂದಿ.
ಒಂಬತ್ತು ಕಂಬ, ಅರವತ್ತಮೂರು ಚೌಕ,
ಒಂದು ಗರಿಕೆಯೂ ಇಲ್ಲ.
ಬಂದವರು ಇದನ್ನೇ ಮೊದಲು ನೋಡುತ್ತಾರೆ,
ಸತ್ತ ಕೆಲಸ ಎಂದು ತಿರುಗಿ ಹೋಗುತ್ತಾರೆ.
ದಿನ ಬಿಟ್ಟು ತಿಂಗಳ ಮೊತ್ತ ಹಾಕಲೆ?
ಜನವರಿಯಿಂದ ಶುರು ಮಾಡಿದರೆ ಯಾರಿಗೆ ತಿಳಿದೀತು?
ಬೆರಳು ಕೀಲಿಯ ಮೇಲೇ ಇತ್ತು.

ಬಟವಾಡೆ ಚೀಟಿ ಹಿಡಿದು ದ್ಯಾವಮ್ಮ ಬಂದಳು,
ಕಿಟಕಿಗೆ ತೋಳೂರಿ ಬಹಳ ಹೊತ್ತು ಪರದೆ ನೋಡಿದಳು.
ಅವಳಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ,
ಮೂವತ್ತು ವರ್ಷ ಹಾಲಿನ ಕಾರ್ಡು ಓದಿದ ಕಣ್ಣು.
"ಇದ್ಯಾರ ಮನೆ ಹಸ, ನೇತ್ರವ್ವ?"
ಹಸುವಲ್ಲ ಎಂದೆ, ನಾವು ಮಾಡುವ ಕೆಲಸದ ಲೆಕ್ಕ ಎಂದೆ.
"ಅದೇ ಕಣವ್ವ. ಇಲ್ಲಿ ಚೆನ್ನಾಗಿ ಕರೆದೈತೆ,
ಇಲ್ಲಿ ಇಳೀತಾ ಬಂದೈತೆ, ಇಲ್ಲಿ ಬತ್ತಿಸವ್ರೆ.
ತುಂಬಿದ ಗಬ್ಬದಾಗೂ ಬಿಡದೆ ಕರೀತಿದ್ರೆ
ಕರ ಬಡವಾಗ್ತದೆ, ತಾಯೂ ಬೀಳ್ತದೆ.
ಯಾವತ್ತು ಕರ ಹಾಕ್ತು?"

ಉತ್ತರ ತಕ್ಷಣ ಬರಲಿಲ್ಲ.
ಆ ಒಂಬತ್ತು ವಾರ ನಾವು ಒಂದಕ್ಷರ ಒಪ್ಪಿಸಿರಲಿಲ್ಲ,
ಫೋನಿನಲ್ಲಿ ಜಗಳವಾಡಿದ್ದೆವು.
ಹಾಲೇಶ ಕಡೂರಿನ ರೈಲಿನ ಬಾಗಿಲಲ್ಲಿ ನಿಂತು ಕೂಗಿ,
ರಿಹಾನಾ ಮಲಗಿದ ಮಗುವಿನ ಪಕ್ಕ ಪಿಸುಗುಟ್ಟಿ:
ಹಸು ಮಾರಿಹೋದರೆ,
ಒಡೆಯ ತೀರಿಕೊಂಡು
ಕಾರ್ಡು ಹೆಂಡತಿಯ ಹೆಸರಿಗೆ ಬರಬೇಕಾದರೆ
ಹಳೇ ಲೆಕ್ಕ ಎಲ್ಲಿ ನಿಲ್ಲಬೇಕು?
ಒಂದು ಸಾಲು ಸರಿಮಾಡಲು ಹೋಗಿ ಬುಡವನ್ನೇ ಕಿತ್ತು
ಫೀಡು ಚೀಲದ ಕಾಗದದ ಮೇಲೆ ಹೊಸತು ನೆಟ್ಟಿದ್ದೆವು.

ಜನವರಿ ಎಂಟು ಎಂದೆ.
ಆ ದಿನದ ಚೌಕ ಎಳೆ ಹಸಿರು.
ಎಣಿಕೆಗೆ ಒಂದೇ ತಿದ್ದುಪಡಿ,
ತೆರೆದರೆ ನಾಲ್ಕು ಸಾವಿರ ಸಾಲು.
ದ್ಯಾವಮ್ಮನ ಕಾರ್ಡಿನಲ್ಲಿ ದ್ಯಾವಮ್ಮನ ಹೆಸರು ಬಂದದ್ದು
ಅದರ ಮಾರನೆಯ ವಾರ.
ಅವಳಿಗೆ ಅದನ್ನು ಹೇಳಲಿಲ್ಲ. ಅವಳೂ ಕೇಳಲಿಲ್ಲ,
ಚೀಟಿ ಮುಂದೆ ಮಾಡಿ
ಹದಿನಾಲ್ಕು ರೂಪಾಯಿ ಕಮ್ಮಿ ಐತೆ ನೋಡು ಎಂದಳು.

ಇತ್ತು.
ಹೊತ್ತಿಗೊಮ್ಮೆ ಪೈಸೆಗಳನ್ನು ಕೆಳಗೆ ಬೀಳಿಸಿದ್ದೆವು,
ಹದಿನೈದು ದಿನ, ಎರಡು ಹೊತ್ತು.
ಹದಿನಾಲ್ಕು ರೂಪಾಯಿ ನನ್ನ ಪರ್ಸಿನಿಂದ ಕೊಟ್ಟು
ಅವಳು ಹೋದ ಮೇಲೆ ತಿದ್ದಿದೆ.
ಬೂದಿಯನ್ನು ಹಾಗೇ ಬಿಟ್ಟೆ.

ಇವತ್ತಿಗೆ ಒಂದು ಚೌಕ, ಎಳೆ ಹಸಿರು.
ತಪ್ಪು ಹಿಡಿದವರು ಯಾರೆಂಬ ಜಾಗದಲ್ಲಿ ಬರೆದೆ:
ದ್ಯಾವಮ್ಮ, ಕಾರ್ಡು ನಂಬರು ನಲವತ್ತೇಳು.